ಕೈತಪ್ಪೀತೆಂಬ ಕಳವಳ: ಒಂದು ಚರಿತ್ರೆ

ತಾನಿಲ್ಲದ ಕಡೆ ಏನೋ ಸೊಗಸಾದದ್ದು ನಡೆಯುತ್ತಿದೆ, ಎಲ್ಲರಿಗೂ ತಿಳಿದದ್ದು ತನಗೊಬ್ಬನಿಗೇ ತಿಳಿದಿಲ್ಲ ಎಂಬ ಕಳವಳಕ್ಕೆ ಈಗಿನವರು ಫೋಮೋ (ಫಿಯರ್ ಆಫ್ ಮಿಸ್ಸಿಂಗ್ ಔಟ್) ಎನ್ನುತ್ತಾರೆ. ಮಲಗುವ ಮುನ್ನ ಕೊನೆಯದಾಗಿ, ಎದ್ದ ಕೂಡಲೇ ಮೊದಲಿಗೆ ಮೊಬೈಲ್ ನೋಡಿಕೊಳ್ಳುವ ಅಭ್ಯಾಸದ ಹಿಂದೆ ಬಹುಮಟ್ಟಿಗೆ ಇರುವುದು ಇದೇ. ಇದು ಮೊಬೈಲ್ ಜೊತೆಯಲ್ಲೇ ಹುಟ್ಟಿದ ಕಾಯಿಲೆ ಎಂದು ತಿಳಿದವರು ಹೆಚ್ಚು. ಆದರೆ ಗುಂಪಿನಿಂದ ಹೊರಗುಳಿಯುವ ಭಯ ಮನುಷ್ಯನಿಗೆ ತೀರ ಹಳೆಯದು. ಆ ಭಯವನ್ನು ದಿನಕ್ಕೆ ಹತ್ತಾರು ಸಲ ಕೆದಕಿ ಎಬ್ಬಿಸುವ, ಎಬ್ಬಿಸಿ ಅದರಿಂದ ಹಣ ಮಾಡಿಕೊಳ್ಳುವ ಏರ್ಪಾಡು ಮಾತ್ರ ಹೊಸದು. ಅದು ಕಟ್ಟಿಕೊಂಡದ್ದು ಹೆಚ್ಚುಕಡಿಮೆ 2004ರಿಂದ 2016ರ ನಡುವೆ. ಅದರ ಬೇರುಗಳನ್ನು ಮಾತ್ರ ಇನ್ನೂ ನೂರೈವತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕಬೇಕು.

1844ರಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಸ್ಯಾಮ್ಯುಯೆಲ್ ಮೋರ್ಸ್‌ನ ತಂತಿ ಮಾರ್ಗ ಆರಂಭವಾಯಿತು. ಅಲ್ಲಿಯವರೆಗೆ ಸುದ್ದಿ ಬಹುಮಟ್ಟಿಗೆ ಅದನ್ನು ಹೊತ್ತು ತರುವ ಮನುಷ್ಯನಷ್ಟೇ ವೇಗವಾಗಿ ಬರುತ್ತಿತ್ತು. ಇನ್ನು ಮೇಲೆ ಹಾಗಿರಲಿಲ್ಲ. ನ್ಯೂಯಾರ್ಕಿನ ವೈದ್ಯ ಜಾರ್ಜ್ ಬಿಯರ್ಡ್ 1881ರಲ್ಲಿ ಅಮೆರಿಕನ್ನರ ನರದೌರ್ಬಲ್ಯದ ಬಗ್ಗೆ ಒಂದು ಪುಸ್ತಕ ಬರೆದು, ಅದಕ್ಕೆ ಐದು ಕಾರಣ ಕೊಟ್ಟ: ಆವಿಯ ಯಂತ್ರ, ನಿಯತಕಾಲಿಕ ಪತ್ರಿಕೆ, ತಂತಿ, ವಿಜ್ಞಾನ ಮತ್ತು ಹೆಂಗಸರ ಬೌದ್ಧಿಕ ಚಟುವಟಿಕೆ. ಕೊನೆಯದು ಆ ಕಾಲದ ಪೂರ್ವಗ್ರಹ, ಅದನ್ನು ಬದಿಗಿಡಬೇಕು. ತಂತಿಯ ಬಗ್ಗೆ ಅವನು ಹೇಳಿದ ಮಾತಿನಲ್ಲಿ ಮಾತ್ರ ಹುರುಳಿತ್ತು. ಹಿಂದಿನ ವರ್ತಕ ದೂರದ ಪೇಟೆಯ ಧಾರಣೆ ಏನಾಯಿತೆಂದು ತಿಳಿಯಲು ವಾರಗಟ್ಟಲೆ ಕಾಯುತ್ತಿದ್ದ. ಕಾಯುವುದು ಅನಿವಾರ್ಯವಾದ್ದರಿಂದ ಅದರಲ್ಲೊಂದು ನೆಮ್ಮದಿಯೂ ಇತ್ತು. ತಂತಿ ಬಂದ ಮೇಲೆ ಬೆಲೆಯ ಏರಿಳಿತ ಆಗಿಂದಾಗ ಎಲ್ಲರಿಗೂ ತಿಳಿಯತೊಡಗಿತು, ಎಲ್ಲರಿಗಿಂತ ಮೊದಲು ತಿಳಿಯಬೇಕೆಂಬ ತವಕವೂ ಅದರ ಜೊತೆಗೇ ಬಂತು.

ಭಾರತದ ಮಟ್ಟಿಗೆ ತಂತಿಯ ಅನುಭವ ಬೇರೆ. ಕರ್ನಾಟಕದ ಊರುಗಳಲ್ಲಿ ಹಿಂದಿನ ತಲೆಮಾರಿನವರಿಗೆ ಟೆಲಿಗ್ರಾಂ ಎಂದರೆ ಸಾವಿನ ಸುದ್ದಿ. ಅಂಚೆಯವನು ತಂತಿ ತಂದನೆಂದರೆ ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಅಲ್ಲಿ ಭಯವಿದ್ದದ್ದು ಬರುವ ಸುದ್ದಿಯ ಬಗ್ಗೆ, ಬಾರದ ಸುದ್ದಿಯ ಬಗ್ಗೆ ಅಲ್ಲ. ಏನೂ ಬರದಿದ್ದರೆ ಎಲ್ಲರೂ ಕ್ಷೇಮವೆಂದೇ ಅರ್ಥ. ಈ ಲೆಕ್ಕ ತಿರುಗುಮುರುಗಾದದ್ದು ಮೊಬೈಲ್ ಕಾಲದಲ್ಲಿ.

ಕಳವಳದ ಇನ್ನೊಂದು ಬೇರು ಹೋಲಿಕೆಯಲ್ಲಿದೆ. ಪಕ್ಕದ ಮನೆಯವರ ಸರಿಸಮಕ್ಕೆ ಬದುಕಲು ಹೆಣಗುವ ಸಂಸಾರವೊಂದರ ಕಥೆಯನ್ನು ಪಾಪ್ ಮೊಮಂಡ್ ಎಂಬ ವ್ಯಂಗ್ಯಚಿತ್ರಕಾರ 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರಂಭಿಸಿದ. ಆ ಚಿತ್ರಮಾಲೆ ವರ್ಷಗಟ್ಟಲೆ ನಡೆಯಿತು. ಆದರೆ ಹೋಲಿಕೆ ಮನಸ್ಸನ್ನು ಹೇಗೆ ಕೆಡಿಸುತ್ತದೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಸೈನಿಕರಿಂದ. ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರನ್ನು ಕುರಿತು ನಡೆಸಿದ ಭಾರಿ ಅಧ್ಯಯನ 1949ರಲ್ಲಿ ಪ್ರಕಟವಾಯಿತು. ವಾಯುಪಡೆಯಲ್ಲಿ ಬಡ್ತಿ ಬೇಗ ಸಿಗುತ್ತಿತ್ತು, ಮಿಲಿಟರಿ ಪೊಲೀಸ್ ವಿಭಾಗದಲ್ಲಿ ತೀರ ನಿಧಾನ. ಆದರೂ ಬಡ್ತಿಯ ಅವಕಾಶದ ಬಗ್ಗೆ ಹೆಚ್ಚು ಗೊಣಗುತ್ತಿದ್ದವರು ವಾಯುಪಡೆಯವರೇ. ಕಾರಣ ಸರಳ. ಸುತ್ತಲಿನವರೆಲ್ಲ ಮೇಲೇರುತ್ತಿರುವಾಗ ಇದ್ದಲ್ಲೇ ಉಳಿದವನಿಗೆ ತಾನೊಬ್ಬನೇ ಹಿಂದುಳಿದೆನೆಂಬ ಕೊರಗು. ಯಾರೂ ಏರದ ಕಡೆ ಆ ಕೊರಗಿಗೆ ಎಡೆಯೇ ಇಲ್ಲ. ಮನುಷ್ಯ ತನ್ನ ಸ್ಥಿತಿಯನ್ನು ಅಳೆದುಕೊಳ್ಳುವುದು ಕಣ್ಣಿಗೆ ಬೀಳುವವರ ಪಕ್ಕದಲ್ಲಿ ನಿಂತು. 1954ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ ಈ ಸ್ವಭಾವಕ್ಕೆ ಒಂದು ಸಿದ್ಧಾಂತದ ರೂಪ ಕೊಟ್ಟ. ಕಣ್ಣಿಗೆ ಬೀಳುವವರ ಸಂಖ್ಯೆ ಮುಂದೆ ಸಾವಿರಗಟ್ಟಲೆ ಆಗಲಿದೆಯೆಂದು ಆಗ ಯಾರೂ ಊಹಿಸಿರಲಿಲ್ಲ.

ಹೊರಗುಳಿದ ನೋವು ಎಷ್ಟು ಸುಲಭವಾಗಿ ತಗಲುತ್ತದೆಂಬುದನ್ನು ಕಂಡುಹಿಡಿದ ಕಥೆ ಇನ್ನೂ ಸ್ವಾರಸ್ಯದ್ದು. ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ಉದ್ಯಾನದಲ್ಲಿ ತಮ್ಮ ನಾಯಿಯೊಂದಿಗೆ ಕುಳಿತಿದ್ದಾಗ, ಅಲ್ಲಿ ಆಡುತ್ತಿದ್ದ ಇಬ್ಬರು ಅಪರಿಚಿತರ ಫ್ರಿಸ್ಬಿ ತಟ್ಟೆ ಅವರ ಬಳಿ ಬಂದು ಬಿತ್ತು. ಅವರು ಅದನ್ನು ಎಸೆದರು, ಆಟಗಾರರು ಮರಳಿ ಇವರತ್ತ ಎಸೆದರು. ಕೆಲವು ಸುತ್ತು ಆಟ ಹೀಗೇ ಸಾಗಿ, ಆಮೇಲೆ ಆ ಇಬ್ಬರು ಇವರನ್ನು ಬಿಟ್ಟು ತಮ್ಮತಮ್ಮಲ್ಲೇ ಆಡತೊಡಗಿದರು. ಗುರುತೇ ಇಲ್ಲದವರು ಆಟದಿಂದ ಬಿಟ್ಟದ್ದಕ್ಕೆ ತಮಗೇಕೆ ಅಷ್ಟು ನೋವಾಯಿತು ಎಂಬ ಪ್ರಶ್ನೆಯಿಂದ ಅವರ ಪ್ರಯೋಗ ಹುಟ್ಟಿತು. ಅದೇ ಸೈಬರ್‌ಬಾಲ್. ಕಂಪ್ಯೂಟರ್ ಪರದೆಯ ಮೇಲೆ ಚೆಂಡು ಎಸೆದಾಡುವ ಮೂವರು. ಅವರಲ್ಲಿ ಒಬ್ಬ ಮಾತ್ರ ನಿಜವಾದ ಮನುಷ್ಯ, ಉಳಿದಿಬ್ಬರು ಪ್ರೋಗ್ರಾಮು. ಮೊದಮೊದಲು ಚೆಂಡು ಅವನಿಗೂ ಬರುತ್ತದೆ, ಆಮೇಲೆ ಬರುವುದೇ ಇಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 62 ದೇಶಗಳ 1,486 ಮಂದಿ ಭಾಗವಹಿಸಿದ್ದರು. ಚೆಂಡು ಎಷ್ಟು ಕಡಿಮೆ ಬಂತೋ ಅಷ್ಟು ಮನಸ್ಸು ಕುಗ್ಗಿತು. ಎದುರಿಗಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದರೂ ಜನರಿಗೆ ಬೇಸರವಾಗುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ತಮಗೆ ಹೇಸಿಗೆಯೆನಿಸುವ ಜನಾಂಗದ್ವೇಷಿ ಸಂಘದವರು ಆಟಕ್ಕೆ ಸೇರಿಸಿಕೊಳ್ಳದಿದ್ದರೂ ನೋವೇ. ಪೋಸ್ಟಿಗೆ ಲೈಕ್ ಬಾರದಿದ್ದಾಗ, ಗೆಳೆಯರ ಪ್ರವಾಸದ ಫೋಟೋದಲ್ಲಿ ತಾನಿಲ್ಲದಿದ್ದಾಗ ಆಗುವ ಸಂಕಟವನ್ನು ಬರೀ ಹುಡುಗಾಟವೆಂದು ತಳ್ಳಿಹಾಕುವವರು ಈ ಪ್ರಯೋಗವನ್ನು ಗಮನಿಸಬೇಕು. ಅದು ಬುದ್ಧಿಯ ಮಾತು ಕೇಳುವ ನೋವಲ್ಲ.

ಕೈತಪ್ಪುವ ಈ ಭಯವನ್ನು ಮೊದಲು ಗುರುತಿಸಿದವರಲ್ಲಿ ಮಾರುಕಟ್ಟೆಯವರೂ ಇದ್ದರು. ಡಾನ್ ಹರ್ಮನ್ ಎಂಬ ಮಾರಾಟತಂತ್ರಜ್ಞ 2000ದಲ್ಲಿ ಬ್ರ್ಯಾಂಡುಗಳ ಕುರಿತ ವೃತ್ತಿಪತ್ರಿಕೆಯೊಂದರಲ್ಲಿ ಗ್ರಾಹಕರ ಈ ಕಳವಳದ ಬಗ್ಗೆ ಬರೆದ. ಅವಕಾಶ ಕೈತಪ್ಪೀತೆಂದು ಹೆದರುವ ಗ್ರಾಹಕನಿಗೆ ಅಲ್ಪಕಾಲ ಮಾತ್ರ ಸಿಗುವ ಸರಕನ್ನು ಮಾರಬಹುದೆಂಬುದು ಅವನ ವಾದ. ಫೋಮೋ ಎಂಬ ಹ್ರಸ್ವರೂಪ ಜನಪ್ರಿಯವಾದದ್ದು 2004ರ ಮೇ ತಿಂಗಳಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಪತ್ರಿಕೆಯಲ್ಲಿ ಪ್ಯಾಟ್ರಿಕ್ ಮೆಕ್‌ಗಿನಿಸ್ ಬರೆದ ಲೇಖನದಿಂದ. ಒಂದೇ ಸಂಜೆ ಏಳೆಂಟು ಕೂಟಗಳಿಗೆ ಹೋಗಲು ಹೆಣಗಿ, ಇನ್ನೂ ಒಳ್ಳೆಯದು ಬಂದೀತೆಂದು ಯಾವುದಕ್ಕೂ ಖಚಿತವಾಗಿ ಒಪ್ಪದೆ, ಕೊನೆಗೆ ಏನೂ ಮಾಡಲಾಗದೆ ಕೂರುವ ಸಹಪಾಠಿಗಳ ಚಿತ್ರ ಅದರಲ್ಲಿತ್ತು. ಅದು ಬಂದಾಗ ಫೇಸ್‌ಬುಕ್ಕಿಗೆ ಮೂರು ತಿಂಗಳು ವಯಸ್ಸು, ಹುಟ್ಟಿದ್ದೂ ಅದೇ ವಿಶ್ವವಿದ್ಯಾಲಯದಲ್ಲಿ.

ಅದೇ 2004ರ ಜನವರಿಯಲ್ಲಿ ಆರಂಭವಾದ ಆರ್ಕುಟ್ ಜಾಲತಾಣ ಭಾರತ ಮತ್ತು ಬ್ರೆಜಿಲ್‌ನಲ್ಲಿ ಮನೆಮಾತಾಯಿತು. ಕರ್ನಾಟಕದ ಕಾಲೇಜು ಹುಡುಗ ಹುಡುಗಿಯರು ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಯಾರು ಸ್ಕ್ರ್ಯಾಪ್ ಬರೆದಿದ್ದಾರೆ, ತಮ್ಮ ಪುಟವನ್ನು ಯಾರು ನೋಡಿಹೋಗಿದ್ದಾರೆ ಎಂದು ನೋಡಿಬರುತ್ತಿದ್ದ ಕಾಲ ಅದು. ಹೊತ್ತು ಮುಗಿದರೆ ಎದ್ದು ಮನೆಗೆ ಹೋಗಲೇಬೇಕಿತ್ತು. ಬೇರೆಯವರ ವಿಚಾರ ಬೇಕಿದ್ದರೆ ಅವರ ಪುಟಕ್ಕೆ ತಾನೇ ಹೋಗಬೇಕಿತ್ತು. ಈ ಎರಡು ತಡೆಗಳು ಎಷ್ಟು ಉಪಕಾರ ಮಾಡುತ್ತಿದ್ದವೆಂಬುದು ಅವು ಹೋದ ಮೇಲಷ್ಟೇ ತಿಳಿಯಿತು.

ಎರಡನೆಯ ತಡೆ ಬಿದ್ದದ್ದು 2006ರ ಸೆಪ್ಟೆಂಬರ್ 5ರಂದು. ಅಂದು ಫೇಸ್‌ಬುಕ್ ನ್ಯೂಸ್ ಫೀಡ್ ಆರಂಭಿಸಿತು. ಯಾರ ಪುಟಕ್ಕೂ ಹೋಗುವ ಕೆಲಸವಿಲ್ಲ, ಎಲ್ಲರ ಎಲ್ಲ ಸಮಾಚಾರವೂ ತಾನಾಗಿ ಎದುರಿಗೆ ಬಂದು ಬೀಳತೊಡಗಿತು. ಈ ಬದಲಾವಣೆಯನ್ನು ಬಳಕೆದಾರರಿಗೆ ಪ್ರಕಟಿಸಿದವರು ಪುಣೆ ಮೂಲದ ಎಂಜಿನಿಯರ್ ರುಚಿ ಸಂಘ್ವಿ, ಅದನ್ನು ರೂಪಿಸಿದ ತಂಡದವರು. ಮರುದಿನದಿಂದಲೇ ಪ್ರತಿಭಟನೆ. ಲಕ್ಷಗಟ್ಟಲೆ ವಿದ್ಯಾರ್ಥಿಗಳು ಫೀಡ್ ವಿರುದ್ಧ ಗುಂಪು ಕಟ್ಟಿದರು. ಗುಂಪು ಅಷ್ಟು ಬೇಗ ಬೆಳೆದದ್ದೂ ಫೀಡಿನಿಂದಲೇ, ಗೆಳೆಯನೊಬ್ಬ ಸೇರಿದ ಸುದ್ದಿ ಎಲ್ಲರಿಗೂ ಹೋಗುತ್ತಿತ್ತಲ್ಲ. ಬೇಡ ಬೇಡ ಎನ್ನುತ್ತಿದ್ದವರೇ ಹಿಂದಿಗಿಂತ ಹೆಚ್ಚು ಹೊತ್ತು ಅಲ್ಲಿ ಕಳೆಯುತ್ತಿರುವುದು ಕಂಪನಿಗೆ ಕಾಣಿಸಿತು. ಗೋಪ್ಯತೆಗೆ ಸಂಬಂಧಿಸಿದ ಕೆಲವು ಆಯ್ಕೆಗಳನ್ನು ಸೇರಿಸಿ ಫೀಡನ್ನು ಉಳಿಸಿಕೊಳ್ಳಲಾಯಿತು. ಜನ ಬಾಯಲ್ಲಿ ಹೇಳುವುದಕ್ಕಿಂತ ಬೆರಳಲ್ಲಿ ಮಾಡುವುದನ್ನೇ ನಂಬಬೇಕು ಎಂಬ ಪಾಠವನ್ನು ಇಡೀ ಉದ್ಯಮ ಅಂದು ಕಲಿಯಿತು. ಈ ಚರಿತ್ರೆಯಲ್ಲಿ ಒಂದೇ ಒಂದು ದಿನವನ್ನು ನೆನಪಿಡಬೇಕೆಂದರೆ ಅದು ಇದೇ.

ಉಳಿದ ಸಲಕರಣೆಗಳು ಒಂದರ ಹಿಂದೊಂದು ಬಂದವು. ಪುಟ ಮುಗಿಯದಂತೆ ಕೆಳಗೆ ಬೆಳೆಯುತ್ತಲೇ ಹೋಗುವ ಸ್ಕ್ರೋಲಿಂಗ್ ವಿಧಾನವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. 2009ರ ಫೆಬ್ರವರಿ 9ರಂದು ಫೇಸ್‌ಬುಕ್ಕಿನಲ್ಲಿ ಲೈಕ್ ಗುಂಡಿ ಬಂತು, ಮೆಚ್ಚುಗೆಗೊಂದು ಅಂಕಿ ಸಿಕ್ಕಿತು. 2013ರ ಅಕ್ಟೋಬರ್‌ನಲ್ಲಿ ಸ್ನ್ಯಾಪ್‌ಚಾಟ್ 24 ಗಂಟೆಯಲ್ಲಿ ಅಳಿಸಿಹೋಗುವ ಸ್ಟೋರಿಯನ್ನು ತಂದಿತು. 2016ರಲ್ಲಿ ಇನ್‌ಸ್ಟಾಗ್ರಾಂ, 2017ರಲ್ಲಿ ವಾಟ್ಸಾಪ್ ಸ್ಟೇಟಸ್ ಅದನ್ನೇ ಅನುಸರಿಸಿದವು. ಎಲ್ಲ ಸಲಕರಣೆಗಳಲ್ಲಿ ಕಳವಳವನ್ನು ನೇರವಾಗಿ ಮುಟ್ಟುವುದು ಇದು. ಅಲ್ಲಿಯವರೆಗೆ ನೋಡದೆ ಬಿಟ್ಟದ್ದನ್ನು ನಾಳೆ ನೋಡಬಹುದಿತ್ತು. ಸ್ಟೇಟಸ್ ಹಾಗಲ್ಲ, ಇಂದು ನೋಡದಿದ್ದರೆ ನಿಜವಾಗಿಯೂ ಕೈತಪ್ಪುತ್ತದೆ. ಜೊತೆಗೆ ಯಾರು ಯಾರು ನೋಡಿದರೆಂಬ ಪಟ್ಟಿ ಹಾಕಿದವರಿಗೆ ಕಾಣಿಸುತ್ತದೆ. ಹಾಗಾಗಿ ನೋಡುವವನಿಗೂ ಕಳವಳ, ತೋರಿಸುವವನಿಗೂ ಕಳವಳ.

2014ರ ನವೆಂಬರ್‌ನಲ್ಲಿ ವಾಟ್ಸಾಪ್ ನೀಲಿ ಟಿಕ್ ಗುರುತನ್ನು ತಂದಾಗ ಜಗತ್ತಿನ ತುಂಬ ಗದ್ದಲವೆದ್ದಿತು. ಸಂದೇಶ ಓದಿಯಾಗಿದೆ, ಉತ್ತರ ಮಾತ್ರ ಬಂದಿಲ್ಲ ಎಂಬುದು ಇನ್ನು ಮುಚ್ಚಿಡಲಾಗದ ಸಂಗತಿಯಾಯಿತು. ಗಂಡ ಹೆಂಡಿರ ನಡುವೆ, ಬೀಗರ ನಡುವೆ, ಸಾಹೇಬರು ಮತ್ತು ಕೈಕೆಳಗಿನವರ ನಡುವೆ ಎರಡು ಪುಟ್ಟ ಗೆರೆಗಳಿಂದ ಮನಸ್ತಾಪ ಹುಟ್ಟತೊಡಗಿತು. ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಆರಿಸುವ ಆಯ್ಕೆ ಕೊಡಬೇಕಾಯಿತು. ಆದರೆ ಆರಿಸಿಟ್ಟವನನ್ನು ಏನನ್ನೋ ಮುಚ್ಚಿಡುತ್ತಿದ್ದಾನೆಂದು ಅನುಮಾನಿಸುವುದೂ ಶುರುವಾಯಿತು. ಇನ್ನು ಮೊದಲ ತಡೆ, ಅಂದರೆ ಹೊತ್ತು ಮತ್ತು ದುಡ್ಡಿನ ತಡೆ, ಭಾರತದಲ್ಲಿ ಬಿದ್ದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಉಚಿತ ಡೇಟಾದೊಂದಿಗೆ ಮಾರುಕಟ್ಟೆಗೆ ಇಳಿದಾಗ. ಎಂಬಿ ಲೆಕ್ಕದಲ್ಲಿ ಡೇಟಾ ಉಳಿಸುತ್ತಿದ್ದ ಹಳ್ಳಿಯ ಮನೆಗಳಲ್ಲೂ ದಿನವಿಡೀ ಜಾಲತಾಣ ತೆರೆದುಕೊಂಡಿತು.

ಪರದೆಯ ಮೇಲೆ ಕಾಣುವ ಜಗತ್ತು ಏಕೆ ಯಾವಾಗಲೂ ತನಗಿಂತ ಸುಖವಾಗಿ ತೋರುತ್ತದೆ? ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಉಳಿದರ್ಧ ಗಣಿತದಲ್ಲಿದೆ. ಹೆಚ್ಚಿನವರ ವಿಷಯದಲ್ಲಿ, ಸರಾಸರಿಯಲ್ಲಿ ಅವರಿಗಿಂತ ಅವರ ಗೆಳೆಯರಿಗೆ ಹೆಚ್ಚು ಗೆಳೆಯರಿರುತ್ತಾರೆಂದು ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ 1991ರಲ್ಲಿ ತೋರಿಸಿದರು. ಹತ್ತು ಮಂದಿಯೊಂದಿಗೆ ಬೆರೆಯುವವನು ಹತ್ತು ಮಂದಿಯ ಪಟ್ಟಿಯಲ್ಲಿ ಬರುತ್ತಾನೆ, ಒಬ್ಬನೊಂದಿಗೆ ಬೆರೆಯುವವನು ಒಬ್ಬನ ಪಟ್ಟಿಯಲ್ಲಿ ಮಾತ್ರ. ಹೀಗಾಗಿ ಎಲ್ಲರ ಪಟ್ಟಿಯಲ್ಲೂ ಹೆಚ್ಚು ಓಡಾಡುವವರೇ ತುಂಬಿರುತ್ತಾರೆ. ಮನೆಯಲ್ಲಿ ಸುಮ್ಮನೆ ಕುಳಿತ ಬಹುಸಂಖ್ಯಾತರು ಫೀಡಿನಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಸುಮ್ಮನೆ ಕುಳಿತದ್ದರ ಫೋಟೋ ಯಾರೂ ಹಾಕುವುದಿಲ್ಲ.

2013ರ ಹೊತ್ತಿಗೆ ಈ ಕಳವಳ ಪಾಂಡಿತ್ಯದ ವಿಷಯವೂ ಆಯಿತು. ಆ ಜುಲೈನಲ್ಲಿ ಭಾರತದ ಟೆಲಿಗ್ರಾಂ ಸೇವೆ ಮುಚ್ಚಿತು, ಮರುತಿಂಗಳೇ ಆಕ್ಸ್‌ಫರ್ಡ್‌ನ ಆನ್‌ಲೈನ್ ನಿಘಂಟಿಗೆ ಫೋಮೋ ಸೇರಿತು. ಅದೇ ವರ್ಷ ಬ್ರಿಟನ್ನಿನ ಆಂಡ್ರ್ಯೂ ಷಿಬಿಲ್‌ಸ್ಕಿ ಮತ್ತು ಸಂಗಡಿಗರು ಹತ್ತು ಹೇಳಿಕೆಗಳ ಒಂದು ಅಳತೆಗೋಲನ್ನು ಸಿದ್ಧಪಡಿಸಿದರು. ತನ್ನ ಬದುಕು ತನ್ನ ಕೈಯಲ್ಲಿದೆ, ತನಗೆ ಕೆಲಸ ಬರುತ್ತದೆ, ತನಗೆ ತನ್ನವರಿದ್ದಾರೆ ಎಂಬ ಮೂರು ಭಾವನೆಗಳು ಯಾರಲ್ಲಿ ಸೊರಗಿವೆಯೋ ಅವರಲ್ಲಿ ಕಳವಳ ಹೆಚ್ಚೆಂದು ಅವರು ಕಂಡರು. ಅಂಥವರು ಊಟ ಮಾಡುವಾಗ, ಪಾಠ ಕೇಳುವಾಗ, ಕೊನೆಗೆ ವಾಹನ ಓಡಿಸುವಾಗಲೂ ಫೋನ್ ನೋಡುತ್ತಿದ್ದರು. ಎಂದರೆ ಜಾಲತಾಣ ಖಾಲಿಯಿದ್ದ ಜಾಗಕ್ಕೆ ಬಂದು ಕೂರುತ್ತದೆ. ಹೆತ್ತವರು ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡ ಮಾತ್ರಕ್ಕೆ ಆ ಜಾಗ ತುಂಬುವುದಿಲ್ಲ.

ಪರಿಹಾರದ ಚರಿತ್ರೆ ಚಿಕ್ಕದು. 2010ರಲ್ಲಿ ಅಮೆರಿಕದ ಕೆಲವು ಯೆಹೂದಿ ಯುವಕರು ಸಬ್ಬತ್ ದಿನದ ಹಳೆಯ ವಿಶ್ರಾಂತಿಯ ಕಟ್ಟಳೆಯನ್ನು ಫೋನಿಗೂ ಅನ್ವಯಿಸಿ, ವರ್ಷಕ್ಕೊಂದು ದಿನ ಎಲ್ಲ ಸಾಧನಗಳನ್ನು ಆರಿಸಿಡುವ ಆಚರಣೆ ತಂದರು. 2012ರಲ್ಲಿ ಅನಿಲ್ ಡ್ಯಾಶ್ ಎಂಬ ಭಾರತೀಯ ಮೂಲದ ತಂತ್ರಜ್ಞ, ಮಗ ಹುಟ್ಟಿದ ಮೇಲೆ ಕೂಟಗಳು ತಪ್ಪಿಹೋದದ್ದೇ ತನಗೆ ಸಂತೋಷವೆನಿಸಿತೆಂದು ಬರೆದು, ಅದನ್ನು ಜೋಮೋ (ಜಾಯ್ ಆಫ್ ಮಿಸ್ಸಿಂಗ್ ಔಟ್) ಎಂದು ಕರೆದರು. ಮಾತಿಗಿಂತ ಗಟ್ಟಿಯಾದ ಆಧಾರ 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಬಂತು. ಅಲ್ಲಿ 143 ವಿದ್ಯಾರ್ಥಿಗಳಲ್ಲಿ ಕೆಲವರು ಮೂರು ವಾರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ ಹತ್ತೇ ನಿಮಿಷ ಬಳಸಿದರು. ಅವರ ಒಂಟಿತನ, ಖಿನ್ನತೆ ತಗ್ಗಿತು. ಬಳಕೆಯನ್ನು ಇಳಿಸದ ಇನ್ನೊಂದು ಗುಂಪಿನಲ್ಲೂ ಕಳವಳ ಇಳಿದಿತ್ತು. ಎಷ್ಟು ಹೊತ್ತು ಬಳಸುತ್ತಿದ್ದೇನೆಂದು ಗಮನಿಸುತ್ತ ಹೋದದ್ದೇ ಅವರಿಗೆ ಔಷಧವಾಗಿತ್ತೆಂದು ಸಂಶೋಧಕರು ಭಾವಿಸಿದರು. ಇದಕ್ಕೆ ಖರ್ಚಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಎಲ್ಲ ಕೇಡಿಗೂ ಜಾಲತಾಣವೇ ಮೂಲವೆಂದು ಹೇಳುವಂತಿಲ್ಲ. ಹದಿಹರೆಯದವರ ಮನಸ್ವಾಸ್ಥ್ಯದ ಏರುಪೇರಿನಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ 0.4 ಎಂದು 2019ರಲ್ಲಿ ಏಮಿ ಓರ್ಬೆನ್ ಮತ್ತು ಅದೇ ಷಿಬಿಲ್‌ಸ್ಕಿ ಲೆಕ್ಕ ಹಾಕಿದರು. ಸರಾಸರಿ ಹೀಗಿದ್ದರೂ, ಕೆಲವರಿಗೆ ಪೆಟ್ಟು ಜೋರಾಗಿಯೇ ಬೀಳುತ್ತದೆ.

ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ತೆರೆಯಿತು. ತಂತ್ರಜ್ಞಾನದ ಅತಿಬಳಕೆಗೆಂದೇ ಭಾರತದಲ್ಲಿ ಆರಂಭವಾದ ಮೊದಲ ಚಿಕಿತ್ಸಾ ಕೇಂದ್ರ ಅದು. ಮನಶ್ಶಾಸ್ತ್ರಜ್ಞ ಡಾ. ಮನೋಜ್ ಕುಮಾರ್ ಶರ್ಮಾ ಅದನ್ನು ಮುನ್ನಡೆಸಿದರು. ಮೊಬೈಲನ್ನು ಪೂರ್ತಿ ಬಿಡಿಸುವುದು ಅಲ್ಲಿನ ಗುರಿಯಲ್ಲ, ಬಳಕೆ ಹದಕ್ಕೆ ಬರಬೇಕು, ಬಿಟ್ಟುಹೋದ ನಿದ್ದೆ, ಆಟ, ಮನೆಯವರೊಂದಿಗಿನ ಮಾತು ಮರಳಬೇಕು. ಮನೆಯವರನ್ನೂ ಕೂರಿಸಿ ಮಾತನಾಡಿಸುವುದು ಚಿಕಿತ್ಸೆಯ ಭಾಗ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸೇ ಮುಖ್ಯ ಕೇಂದ್ರ. 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಒಬ್ಬೊಬ್ಬರೇ ಬಿಡುವುದು ಏಕೆ ಕಷ್ಟವೆಂಬುದಕ್ಕೆ 2023ರಲ್ಲಿ ಸ್ಪಷ್ಟ ಉತ್ತರ ಸಿಕ್ಕಿತು. ಷಿಕಾಗೊ ವಿಶ್ವವಿದ್ಯಾಲಯದ ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು: ನಾಲ್ಕು ವಾರ ಖಾತೆ ಮುಚ್ಚಲು ಎಷ್ಟು ಕೊಡಬೇಕು? ಟಿಕ್‌ಟಾಕ್‌ಗೆ ಸರಾಸರಿ 59 ಡಾಲರ್, ಇನ್‌ಸ್ಟಾಗ್ರಾಂಗೆ 47 ಎಂಬ ಉತ್ತರ ಬಂತು. ಕಾಲೇಜಿನವರೆಲ್ಲ ಒಟ್ಟಿಗೇ ಮುಚ್ಚುವುದಾದರೆ? ಆಗ ಹಣ ಕೇಳುವುದಿರಲಿ, ಹಾಗೆ ಮುಚ್ಚಿಸಲು ತಾವೇ 28 ಮತ್ತು 10 ಡಾಲರ್ ಕೊಡಲು ಅವರು ಸಿದ್ಧರಿದ್ದರು. ಅಂದರೆ ಬಹಳ ಮಂದಿ ಅಲ್ಲಿರುವುದು ಇಷ್ಟಪಟ್ಟಲ್ಲ, ಬೇರೆಯವರು ಇದ್ದಾರೆಂದು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನಿಸಿಕೊಳ್ಳಲು ಯಾರಿಗೂ ಧೈರ್ಯವಿಲ್ಲ. ಹೀಗಿರುವಾಗ ಜಾಲತಾಣದ ಹಾವಳಿಯನ್ನು ಬರೀ ವ್ಯಕ್ತಿಯ ಮನೋಬಲದ ಪ್ರಶ್ನೆಯಾಗಿ ನೋಡುವುದು ಅನ್ಯಾಯ. ಇನ್‌ಸ್ಟಾಗ್ರಾಂ 2019ರಲ್ಲಿ ಕೆನಡಾದಿಂದ ಆರಂಭಿಸಿ ಲೈಕ್ ಸಂಖ್ಯೆಯನ್ನು ಮರೆಮಾಡಿ ನೋಡಿತು. 2021ರಲ್ಲಿ ಅದನ್ನು ಬಳಕೆದಾರರ ಇಷ್ಟಕ್ಕೆ ಬಿಟ್ಟು ಕೈತೊಳೆದುಕೊಂಡಿತು. ಒಬ್ಬನೇ ಮರೆಮಾಡಿಕೊಂಡರೆ ಏನು ಫಲ?

ಊರೇ ಒಂದಾಗಿ ಮಾಡಬಹುದೆಂದು ತೋರಿಸಿದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡ್‌ಗಾಂವ್. ಸುಮಾರು 3,000 ಜನರಿರುವ ಈ ಹಳ್ಳಿಯಲ್ಲಿ ಕೊರೊನಾ ಕಾಲದ ಆನ್‌ಲೈನ್ ಪಾಠದ ನಂತರ ಮಕ್ಕಳು ಮೊಬೈಲ್ ಬಿಡದಾದರು. 2022ರ ಆಗಸ್ಟ್‌ನಿಂದ ಅಲ್ಲಿ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಮೊಳಗುತ್ತದೆ, ಒಂದೂವರೆ ಗಂಟೆ ಟಿವಿ, ಮೊಬೈಲ್ ಎರಡೂ ಬಂದ್. ಮಕ್ಕಳು ಓದಲು ಕೂರುತ್ತಾರೆ, ದೊಡ್ಡವರು ಮಾತಿಗೆ ಕೂರುತ್ತಾರೆ. ಸಾಂಗ್ಲಿಯ ಮಾದರಿಯನ್ನು ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಅನುಸರಿಸಿ, ಏಳರಿಂದ ಒಂಬತ್ತರವರೆಗೆ ಇದೇ ನಿಯಮ ತಂದಿತು. ಹಿಂದೆ ಡಂಗುರ ಸಾರಿ ಊರಿಗೆಲ್ಲ ಒಂದು ಕಟ್ಟು ಮಾಡುತ್ತಿದ್ದ ಪದ್ಧತಿಯೇ ಇಲ್ಲಿ ಹೊಸ ರೂಪದಲ್ಲಿ ಕೆಲಸ ಮಾಡಿದೆ. ಎಲ್ಲರ ಪರದೆಯೂ ಆರಿರುವ ಹೊತ್ತಿನಲ್ಲಿ ಯಾರಿಗೂ ಏನೂ ಕೈತಪ್ಪುವುದಿಲ್ಲ.

ಒಂದು ದೇಶದ ಮಟ್ಟದಲ್ಲಿ ಇಂಥ ಕಟ್ಟನ್ನು ಮೊದಲು ತಂದದ್ದು ಆಸ್ಟ್ರೇಲಿಯಾ. ಅಲ್ಲಿನ ಸಂಸತ್ತು 2024ರ ನವೆಂಬರ್‌ನಲ್ಲಿ ಒಪ್ಪಿದ ಕಾಯ್ದೆ 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ಪ್ರಮುಖ ಜಾಲತಾಣಗಳಲ್ಲಿ 16 ವರ್ಷದೊಳಗಿನವರು ಖಾತೆ ಹೊಂದುವಂತಿಲ್ಲ. ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಅದನ್ನು ತೆರಬೇಕಾದವರು ಮಕ್ಕಳಲ್ಲ, ಹೆತ್ತವರೂ ಅಲ್ಲ, ಜಾಲತಾಣ ನಡೆಸುವ ಕಂಪನಿಗಳು.